ಬಾದಾಮಿ ಮರಕ್ಕೆ ಜಾಮೀನು

ಚಳಿಗಾಲದ ಕೊನೆಯ ತಿಂಗಳಾದ ಇಸ್ಫಂದ್ ಹುಟ್ಟಿತೆಂದರೆ ನಮ್ಮ ಯದೊಲ್ಲಾ ಮಾವನ ಕಾಲು ಮನೆಯೊಳಗೆ ನಿಲ್ಲುವುದಿಲ್ಲ. ನಮ್ಮೂರು ನತಂಜ್‌ನ ಚಳಿ ಇನ್ನೂ ಗೋಡೆ ಬಿಟ್ಟಿರುವುದಿಲ್ಲ, ಆಗಲೇ ಚಹಾಕ್ಕೂ ಮೊದಲು ಅಂಗಳಕ್ಕಿಳಿದು ಮಣ್ಣಿನ ಮೇಲೆ ಅಂಗೈ ಊರಿ ಕೂರುತ್ತಾನೆ. ನೆಲ ಮೊದಲು ಕದ್ದು ಉಸಿರಾಡುತ್ತದೆ, ವಸಂತದ ಹೊಸ ವರ್ಷ ಹತ್ತಿರವಾದಾಗ ಬಹಿರಂಗವಾಗಿ ಉಸಿರಾಡುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಆ ಕದ್ದ ಉಸಿರನ್ನು ಊರಿಗೆಲ್ಲ ಮೊದಲು ತಾನೇ ಹಿಡಿಯಬೇಕೆಂಬುದು ಮಾವನ ಹಟ. ಹಿಡಿದ ಕೂಡಲೇ ನನಗೆ ಫೋನು.

“ಮಹ್‌ರೂ, ನೆಲ ಉಸಿರು ಬಿಡ್ತು ಕಣೆ.”

“ಮಾವ, ಹೊರಗೆ ಹಿಮ ಬೀಳ್ತಿದೆ.”

“ಬೀಳ್ಲಿ ಬಿಡು. ಮೋಡಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.”

ಬಸ್ಸು ಓಡಿಸಿ ಓಡಿಸಿ ಒರಟಾದ ಕೈ ಅವನದು. ಈಗ ಗುಲಾಬಿ ಕಡ್ಡಿ ಕತ್ತರಿಸುವಾಗಲೂ ಅದರ ಕ್ಷಮೆ ಕೇಳುತ್ತಾನೆ. ಮಕ್ಕಳಿಲ್ಲದ ಮನೆಯಾದ್ದರಿಂದ ಅವನ ಈ ಸಂಭ್ರಮಕ್ಕೆಲ್ಲ ನಾವು ಅಕ್ಕತಂಗಿಯರ ಮಕ್ಕಳೇ ಗಿರಾಕಿಗಳು. ಅವನ ಹೆಂಡತಿ ತೂಬಾ ಅತ್ತೆ ಮಾತ್ರ, “ಆ ಮೊಗ್ಗಿಗೆ ಕೊಡೋ ಗಮನ ಒಲೆ ಮೇಲಿನ ಹಾಲಿಗೂ ಸ್ವಲ್ಪ ಕೊಡಿ” ಎಂದು ಗೊಣಗುತ್ತಾಳೆ, ಗೊಣಗುತ್ತಲೇ ಅವನ ಹೆಗಲಿಗೆ ಶಾಲು ಹೊದಿಸುತ್ತಾಳೆ.

ನನ್ನ ಮದುವೆಯಾದ ವರ್ಷ ಮಾವ ಪೇಚಿಗೆ ಸಿಕ್ಕಿಕೊಂಡ. ಅಂಗಳದ ಬಾದಾಮಿ ಮರ ವರ್ಷ ವರ್ಷವೂ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಅಂಥ ಮರವನ್ನು ಹೆದರಿಸುವುದು ನಮ್ಮಲ್ಲಿ ರೂಢಿ. ಒಬ್ಬ ಕೊಡಲಿ ಎತ್ತಿ ಕಡಿಯುತ್ತೇನೆ ಎನ್ನಬೇಕು. ಇನ್ನೊಬ್ಬ ಅಡ್ಡ ಬಂದು, ಬಿಡಿ, ಮುಂದೆ ಕಾಯಿ ಬಿಡುತ್ತದೆ, ಅದಕ್ಕೆ ನಾನು ಜಾಮೀನು ಎನ್ನಬೇಕು. ಯಾರೂ ಜಾಮೀನು ನಿಲ್ಲದಿದ್ದರೆ ಕಡಿಯಲೇಬೇಕು, ಮರದ ಮುಂದೆ ಸುಳ್ಳಾಡಬಾರದು ಎಂಬುದು ಮಾವನ ನಿಷ್ಠೆ. ಪ್ರತಿ ಸಲ ಅಡ್ಡ ಬರುತ್ತಿದ್ದ ಪಕ್ಕದ ಮನೆಯವರು ಮಶ್‌ಹದ್‌ಗೆ ಹೋಗಿದ್ದರಿಂದ ಆ ಕೆಲಸಕ್ಕೆ ನನ್ನ ಗಂಡನಿಗೆ ಕರೆ ಬಂತು.

ಫರ್ಷಿದ್ ದಕ್ಷಿಣದ ಅಹ್ವಾಜ್‌ನವನು, ಖರ್ಜೂರದ ನಾಡಿನವನು. ಹೊಸ ಅಳಿಯ ಬೇರೆ, ಹಿರಿಯರ ಮಾತಿಗೆ ಇಲ್ಲ ಎನ್ನುವುದೇ ಗೊತ್ತಿಲ್ಲ. ರೂಢಿಯ ವಿಷಯ ಮಾವ ಹೇಳಿರುತ್ತಾನೆ ಎಂದು ನಾನು, ನಾನು ಹೇಳಿರುತ್ತೇನೆ ಎಂದು ಮಾವ.

ಮಾವ ಕೊಡಲಿ ಎತ್ತಿ ಗುಡುಗಿದ. “ಫಲ ಬಿಡದ ಮರ ಇಟ್ಕೊಂಡು ಏನ್ ಮಾಡ್ಲಿ? ಕಡಿದೇ ಬಿಡ್ತೀನಿ. ಏನಂತೀಯಪ್ಪ ಫರ್ಷಿದ್?”

“ನಿಮ್ಮಿಷ್ಟ ಮಾವ,” ಎಂದ ನನ್ನ ಗಂಡ, ಅಂಗಿಯ ತೋಳು ಮಡಚುತ್ತ. “ಆದ್ರೆ ಈ ವಯಸ್ಸಲ್ಲಿ ನೀವ್ಯಾಕೆ ದಣೀತೀರಿ? ಕೊಡಿ ಇಲ್ಲಿ, ನಾನೇ ಕಡೀತೀನಿ.”

ನನಗೆ ನಗು ಉಕ್ಕಿತು. ಮಾವನ ಮುಖ ನೋಡಿ ನುಂಗಿಕೊಂಡೆ. ಕೊಡಲಿ ಇಳಿಸುವಂತಿಲ್ಲ, ಬೀಸಲು ಮನಸ್ಸಿಲ್ಲ. ನಾನೇ ಜಾಮೀನು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಒದ್ದೆ ಕೈಯಲ್ಲೇ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು. ಅಲ್ಲಿಯವರೆಗೆ ಒಮ್ಮೆಯೂ ಅವಳು ಈ ಆಟ ನೋಡಲು ಹೊರಗೆ ಬಂದವಳಲ್ಲ.

“ನಾನು ಜಾಮೀನು,” ಎಂದಳು.

ಮಾವನಿಗೆ ಹೋದ ಜೀವ ಬಂದಂತಾಯಿತು. ರೂಢಿಯ ಪ್ರಕಾರ ಕೇಳಲೇಬೇಕಾದ ಮಾತು ಕೇಳಿದ. “ಮುಂದಿನ ವರ್ಷ ಕಾಯಿ ಬಿಡುತ್ತೆ ತಾನೆ?”

“ಅದು ನಂಗೇನು ಗೊತ್ತು?” ಅತ್ತೆಯ ದನಿ ಒಡೆದಿತ್ತು. “ಇನ್ನೊಂದು ಮದುವೆ ಮಾಡ್ಕೋ ಅಂತ ನಿಮ್ಮಮ್ಮ ಪಟ್ಟು ಹಿಡಿದಾಗ ನೀವು ನನ್ನ ಪರವಾಗಿ ಅಡ್ಡ ನಿಂತ್ರಲ್ಲ, ಇವಳು ಹೆತ್ತೇ ಹೆರ್ತಾಳೆ ಅಂತ ಮಾತು ಕೊಟ್ಟು ನಿಂತ್ರಾ?”

ಮಾವ ಕೊಡಲಿ ಕೆಳಗಿಟ್ಟ. ಆಮೇಲೆ ಆ ಮರವನ್ನು ಯಾರೂ ಹೆದರಿಸಿಲ್ಲ. ಅದು ಈಗಲೂ ಹೂ ಮಾತ್ರ ಬಿಡುತ್ತದೆ.