ಪಿಸ್ತೂಲಿಗೆ ತೊಡಿಸಿದ ಬಳೆ

ಮೊನ್ನೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆಗೆ ಹವಾಲ್ದಾರ ಕಾಕಾ ನೆನಪಾದರು. ಬಂದೂಕಿನ ಎಣ್ಣೆ ಸಿಗದಾಗ ಅವರು ಇದನ್ನೇ ಬಳಸುತ್ತಿದ್ದರು. ಅವರ ಬೆರಳು, ಅಂಗಿಯ ತೋಳು, ಕುಡಿದಿಟ್ಟ ಚಹಾದ ಕಪ್ಪು, ಎಲ್ಲಕ್ಕೂ ಅದೇ ವಾಸನೆ…

ಕಾಕಾ ದುಂಡಸಿಯವರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಸವಣೂರಿನ ಹತ್ತಿರದ ಖಾಸಗಿ ಗುರಿ ತರಬೇತಿ ಶಿಬಿರವೊಂದರಲ್ಲಿ ನಮ್ಮಂಥ ಲೈಸೆನ್ಸುದಾರರ ಆಯುಧಗಳನ್ನು ಪರೀಕ್ಷಿಸುತ್ತಿದ್ದರು. ಭಾನುವಾರ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ವಾರದ ಉಳಿದ ಆರು ದಿನ ಅವರ ಪಾಲಿಗೆ ಬರೀ ಕಾಯುವಿಕೆ.

ನನ್ನದು ಶಿಗ್ಗಾಂವದಲ್ಲಿ ಗೋವಿನಜೋಳದ ವ್ಯಾಪಾರ. ಅಪ್ಪನ ಕಾಲದ ಪಿಸ್ತೂಲು ನನ್ನ ಹೆಸರಿಗೆ ಬಂದಿತ್ತು. ಅದು ನನ್ನನ್ನು ಕಾಯುವುದಿರಲಿ, ನಾನೇ ಅದನ್ನು ಕಾಯುತ್ತಿದ್ದೆ. ವರ್ಷಕ್ಕೆ ಹತ್ತು ಗುಂಡು ಹಾರಿಸುವ ಶೂರನಿಗೆ, ಪ್ರತಿ ಸಲ ಹಿಂದಕ್ಕೆ ಜಿಗಿಯುವ ಮೇಲಿನ ಲೋಹದ ಭಾಗ, ಸ್ಲೈಡು, ಬಡಿದು ಬಡಿದು ಪಿಸ್ತೂಲು ಸೀಳಿದರೆ ಏನು ಗತಿ ಎಂಬ ಚಿಂತೆ. ಮೊಬೈಲಿನಲ್ಲಿ ಅದಕ್ಕೆ ಮದ್ದೂ ಸಿಕ್ಕಿತು: ಬಫರ್. ಸ್ಪ್ರಿಂಗಿನ ಬುಡಕ್ಕೆ ಹಾಕುವ ರಬ್ಬರಿನಂಥ ಬಳೆ. ಪೆಟ್ಟನ್ನೆಲ್ಲ ಅದೇ ನುಂಗುತ್ತದಂತೆ. ತರಿಸಲೂ ಅಂಜಿಕೆಯಾಗಿ, ಬೋರ್‌ವೆಲ್ ಪಂಪಿನ ವಾಷರನ್ನು ಬ್ಲೇಡಿನಿಂದ ಕೊರೆದು ನಾನೇ ಒಂದು ಮಾಡಿಕೊಂಡೆ.

ಶಿಬಿರದಲ್ಲಿ ಕಾಕಾ ಪಿಸ್ತೂಲು ಬಿಚ್ಚಿ ಒಳಗಿದ್ದ ಬಳೆಯನ್ನು ಎರಡು ಬೆರಳಲ್ಲಿ, ಸತ್ತ ಜಿರಳೆಯಂತೆ, ಎತ್ತಿ ಹಿಡಿದರು.

“ಏನ್ರಿ ಸಾವ್ಕಾರ್ರ, ಬಸುರಿಗೆ ಇಟ್ಟಂಗ ಪಿಸ್ತೂಲಿಗೆ ಬಳಿ ಇಡಸೀರಿ. ಕುಬಸ ಯಾವತ್ತ ಇಟ್ಕೊಂಡೀರಿ?”

“ಪೆಟ್ಟು ತಡೀತೈತಂತ್ರಿ ಕಾಕಾ.”

“ಅದಕ್ಕ ಸ್ಪ್ರಿಂಗ್ ಐತಲ್ರಿ. ಸಡ್ಲ ಆದ್ರ ಹೊಸಾದು ಹಾಕ್ರಿ. ಇದನ್ನ ತುರುಕಿದ್ರ ಸ್ಲೈಡ್ ಪೂರಾ ಹಿಂದ ಹೋಗಂಗಿಲ್ಲ, ಮುಂದಿನ ಗುಂಡು ಅರ್ಧಕ್ಕ ಸಿಗಬೀಳತೈತಿ. ಪಿಸ್ತೂಲಿಗೆ ಏನೂ ಆಗೂದಿಲ್ಲ. ಬಡಕೊಳ್ಳಾಕತ್ತಿದ್ದು ನಿಮ್ಮ ಎದಿ, ಅದಕ್ಕ ಹಾಕ್ಕೋರಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಕಾ ಬಳೆಯನ್ನು ನನ್ನ ಅಂಗೈಗೆ ಹಾಕಿ, ಪಟ್ಟಿಯಲ್ಲಿ ನನ್ನ ಪಿಸ್ತೂಲಿನ ಮುಂದೆ ಸರಿ ಎಂದು ಗುರುತು ಮಾಡಿದರು. ನಾನು ಬೇವಿನ ಮರದ ಮರೆಗೆ ಹೋಗಿ ಅದನ್ನು ಮತ್ತೆ ಒಳಗೆ ಸೇರಿಸಿದೆ. ಮೂವತ್ತು ವರ್ಷ ಬಂದೂಕು ಬಿಚ್ಚಿದವರಿಗಿಂತ ನನಗೆ ಮೊಬೈಲೇ ದೊಡ್ಡದಾಗಿತ್ತು.

ಮೂರನೆಯ ಗುಂಡಿಗೆ ಸ್ಲೈಡು ಅರ್ಧಕ್ಕೆ ನಿಂತಿತು. ನಾನು ಗಾಬರಿಯಲ್ಲಿ ಅಂಗೈಯಿಂದ ಅದನ್ನು ಬಡಿಯುತ್ತ, ತೋರಿಸಲೆಂದು ಕಾಕಾರತ್ತ ತಿರುಗಿದೆ. ಸ್ಲೈಡು ಮುಚ್ಚಿಕೊಂಡು, ಸಿಕ್ಕಿಬಿದ್ದಿದ್ದ ಗುಂಡು ಒಳಗೆ ಕೂತಿತು. ನನ್ನ ಬೆರಳು ಟ್ರಿಗರಿನ ಮೇಲೇ ಇತ್ತು. ಕಾಕಾ ಹಾರಿ ಬಂದು ನನ್ನ ಮಣಿಕಟ್ಟನ್ನು ಕೆಳಕ್ಕೆ ಅದುಮಿದರು… ಗುಂಡು ಅವರ ಬೂಟಿನಿಂದ ಗೇಣು ದೂರದಲ್ಲಿ ಮಣ್ಣಿಗೆ ಇಳಿಯಿತು.

ಶಿಬಿರದ ಮುಖ್ಯಸ್ಥರು ಓಡಿ ಬಂದರು. “ಈ ಪಿಸ್ತೂಲು ನೋಡಿ ಬಿಟ್ಟಾವ್ರು ಯಾರು?”

ಕಾಕಾ ಆಗಲೇ ಅದನ್ನು ಬಿಚ್ಚಿದ್ದರು. ಬಳೆ ಕಂಡದ್ದೇ ನನ್ನ ಮುಖ ನೋಡಿ, ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

“ನಾನ್ರಿ. ಸ್ಪ್ರಿಂಗ್ ಸಡ್ಲ ಇತ್ತು, ಕಣ್ಣಿಗೆ ಬೀಳಲಿಲ್ಲ.”

“ಹಂಗಾದ್ರ ಇನ್ನ ಸಾಕ್ರಿ. ಮುಂದಿನ ಆಯಿತವಾರದಿಂದ ಬರಬ್ಯಾಡ್ರಿ.”

ನಾನು ಬಿಚ್ಚಿದ ಪಿಸ್ತೂಲಿನ ಭಾಗಗಳನ್ನು ಚೀಲಕ್ಕೆ ತುಂಬಿಕೊಂಡೆ.

ಬಸ್ಸಿಗೆ ಕಾಯುವಾಗ ಹತ್ತಿರ ಹೋಗಿ ಏನೋ ತೊದಲಿದೆ. ಕಾಕಾ ಬಳೆಯನ್ನು ಗಟಾರಕ್ಕೆ ಎಸೆದರು. “ಖರೇ ಹೇಳಿದ್ರ ನಿಮ್ಮ ಲೈಸೆನ್ಸ್ ಹೋಗ್ತಿತ್ತು. ಆ ಅಂಜಿಕಿಗೇ ಸಾಯೂ ಮನಶ್ಯಾ ನೀವು. ಹೋಗ್ರಿ ಮನಿಗೆ.”

ಮರುದಿನ ಹೋಗಿ ಮುಖ್ಯಸ್ಥರಿಗೆ ನಿಜ ಹೇಳಬಹುದಿತ್ತು. ಹದಿನೈದು ದಿನ ಅದನ್ನೇ ಚಿಂತಿಸಿದೆ. ಆಮೇಲೆ ಚಿಂತಿಸಲು ಬೇರೆ ಏನೋ ಸಿಕ್ಕಿತು.

ಹೋದ ಚಳಿಗಾಲ ಕಾಕಾ ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ದುಂಡಸಿಗೆ ಹೋದಾಗ ಅವರ ಮಗಳು ನೀರು ಕೊಟ್ಟು ಎದುರಿಗೆ ಕುಂತಳು. “ಅಪ್ಪಗ ಆ ಶಿಬಿರ ಅಂದ್ರ ಜೀವ ಇತ್ರಿ. ಕಣ್ಣು ಮಂದ ಆಗ್ಯಾವಂತ ಬಿಡಿಸಿದ್ರು. ಕಡೀತನಕ ಅಕ್ಕ್ಯಾಗಿನ ಕಲ್ಲ ತಾನ ಆರಸ್ತಿದ್ದ. ನೀವು ಅಲ್ಲೇ ಇದ್ರಂತಲ್ರಿ. ಏನಾಗಿತ್ತು ಅವತ್ತ?”

“ನೆನಪಿಲ್ಲವ್ವ,” ಅಂದೆ.

ಇಷ್ಟೆಲ್ಲ ನೆನಪಿರುವವನ ಮಾತು ಅದು. ಶಿಗ್ಗಾಂವದಿಂದ ದುಂಡಸಿಗೆ ಬಸ್ಸುಗಳಿಗೇನೂ ಬರವಿಲ್ಲ. ಕಾಕಾ ಇಲ್ಲ, ಅವರಿಗೆ ಹೇಳಬೇಕಾದ್ದು ಹಾಗೇ ಉಳಿಯಿತು. ಅವರ ಕಣ್ಣು ಚೆನ್ನಾಗಿಯೇ ಇದ್ದವು ಎಂದು ಮಗಳಿಗಾದರೂ ಹೇಳಿ ಬರಬೇಕು. ಇನ್ನೂ ಹೋಗಿಲ್ಲ…