ತೋಫು ಅಂಗಡಿ ನುಯಿಯ ಕೈಬರಹ

ನುಯಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದರೆ ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಹೌದು, ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ?

ನಮ್ಮೂರಿನ ಶಾಲೆ, ದೇಗುಲ, ಅಂಚೆ ಕಚೇರಿ, ಎಲ್ಲದರ ಹೆಸರಿನ ಹಲಗೆಯೂ ನನ್ನ ಕುಂಚದ್ದೇ. ಶಾಯಿ, ಕಾಗದ ಮಾರುವ ಮನೆಯ ಸೊಸೆ ನಾನು. ಚೀನಾದಿಂದ ಬಂದ ಕಾಂಜಿ ಅಕ್ಷರಕ್ಕೆ ಇಪ್ಪತ್ತು ಗೆರೆಗಳಿದ್ದರೂ ಸರದಿ ತಪ್ಪದೆ ಬರೆಯುತ್ತೇನೆ. ನುಯಿ ಎದುರುಮನೆಯವಳು, ಸೋಯಾ ಹಾಲನ್ನು ಗಟ್ಟಿಯಾಗಿಸಿ ತೋಫು ಮಾಡಿ ಮಾರುವವಳು. ಎಳೆಯ ವಯಸ್ಸಿನಲ್ಲೇ ಶಾಲೆ ಬಿಡಿಸಿ ಪರರ ಕೂಸು ಹೊರಲು ಕಳಿಸಿದ್ದರಂತೆ. ಹಾಗಾಗಿ ಅವಳಿಗೆ ಬರುವುದು ಉಚ್ಚಾರಕ್ಕೊಂದರಂತಿರುವ ದುಂಡನೆಯ ಹಿರಗಾನ, ಮತ್ತೆ ಬಸ್ಸು, ಬ್ರೆಡ್ಡುಗಳಂಥ ಹೊರಗಿನ ಮಾತಿಗೆ ಬಳಸುವ ಚೂಪು ಮೂಲೆಯ ಕತಕಾನ, ಅಷ್ಟೇ. ಪೇಪರಿನ ಒಂದೇ ಸಾಲಿನಲ್ಲಿ ಮೂರೂ ಬೆರೆತಿರುತ್ತವಲ್ಲ, ಕಾಂಜಿ ಬಂದಲ್ಲೆಲ್ಲ ಅವಳು ಎಡವುತ್ತಿದ್ದಳು. "ಅಕ್ಕಾ, ಈ ಕಪ್ಪು ಪೊದೆ ಏನು ಹೇಳುತ್ತೆ?" ಎಂದು ನನ್ನ ಬಳಿ ಬರುತ್ತಿದ್ದಳು. ನಾನು ಬಿಗುಮಾನದಿಂದ ಓದಿ ಹೇಳುತ್ತಿದ್ದೆ.

ಆದರೆ ಅವಳ ಅಂಗಡಿಯ ಹಲಗೆ! 'ತೋಫು' ಎಂದು ಹಿರಗಾನದಲ್ಲಿ ಮೂರೇ ಅಕ್ಷರ. ದಾರಿಹೋಕರು ನಿಂತು ನೋಡುತ್ತಿದ್ದರು. ನಾನೂ ಗುಟ್ಟಾಗಿ ನೂರು ಸಲ ಬರೆದು ನೋಡಿದೆ. ನನ್ನವು ಒಣಕಡ್ಡಿಯಂತೆ ಸೆಟೆದು ನಿಂತವು.

ಆ ವರ್ಷ ಊರಿಗೊಂದು ಶಿಶುವಿಹಾರ ಬಂತು. ಅದರ ಮುಖ್ಯಸ್ಥ ಕುರಾಮೊಚಿ ಹೊಸವರ್ಷದ ಮೊದಲ ವಾರ ನನ್ನ ಅಂಗಡಿಗೇ ಬಂದರು. "ಶಿಗೆನೊ ಅವರೇ, ಹಲಗೇನ ಪುಟ್ಟ ಮಕ್ಕಳೂ ಓದ್ಬೇಕು. ಪೂರ್ತಿ ಹಿರಗಾನದಲ್ಲೇ ಬರೆಸೋಣ ಅಂತ. ನುಯಿ ಅವರನ್ನ ಕೇಳಿದ್ರೆ ಹೇಗೆ?"

ಅದನ್ನು ನನ್ನನ್ನೇ ಕೇಳುತ್ತಾರಲ್ಲ! ಮೈಯೆಲ್ಲ ಉರಿದುಹೋಯಿತು. "ಕೇಳಿ, ನನ್ನದೇನಿದೆ?" ಎಂದು ಹಲ್ಲು ಕಚ್ಚಿಕೊಂಡೇ ನಕ್ಕೆ.

ಜನವರಿ ಹದಿನೈದಕ್ಕೆ ಗದ್ದೆಯಲ್ಲಿ ಊರ ಬೆಂಕಿ. ವರ್ಷದ ಮೊದಲ ಬರಹವನ್ನು ಅದಕ್ಕೆ ಒಪ್ಪಿಸುತ್ತೇವೆ. ಉರಿದ ಕಾಗದ ಎಷ್ಟು ಎತ್ತರ ಹಾರಿದರೆ ಬರೆದವರ ಕೈ ಅಷ್ಟು ಕುದುರುತ್ತದೆಂಬ ನಂಬಿಕೆ. ಇನ್ನೂ ಹೊತ್ತಿಸದ ರಾಶಿಯ ಅಂಚಿನಲ್ಲೇ, ಹಿರಗಾನದ ಅಕ್ಷರಗಳನ್ನೆಲ್ಲ ಬರೆದ ನುಯಿಯ ಹಾಳೆ ಇತ್ತು. ಇವಳ ಕೈ ಇನ್ನೂ ಕುದುರಬೇಕೇ? ಯಾರೂ ನೋಡದಾಗ ಎಳೆದು ಕಿಮೊನೊ ತೋಳಿನೊಳಗೆ ತುರುಕಿಬಿಟ್ಟೆ. ಬೆಂಕಿ ಹತ್ತಿತು. ಎಲ್ಲರೂ ಕೊಂಬೆಗೆ ಚುಚ್ಚಿದ ಅಕ್ಕಿಯುಂಡೆ ಸುಡುತ್ತಾ ಹರಟುತ್ತಿದ್ದರೆ ನುಯಿ ಮಾತ್ರ ಕತ್ತೆತ್ತಿ ನಿಂತಿದ್ದಳು.

ವಾರ ಕಳೆದು ಅವಳೇ ಬಂದಳು. "ಅಕ್ಕಾ, ಶಿಶುವಿಹಾರದ ಹಲಗೆ ನೀವೇ ಬರೀರಿ. ಈ ಸಲ ನನ್ನ ಕಾಗದ ಮೇಲಕ್ಕೆ ಹೋಗ್ಲೇ ಇಲ್ಲ. ಕುಂಚ ಹಿಡಿಯೋಕೇ ಭಯ ಆಗುತ್ತೆ."

"ಅಯ್ಯೋ, ಹಾಗೆಲ್ಲ ಅನ್ಕೋಬೇಡ್ವೇ!" ಎಂದೆ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಸಂತೋಷವೇನೋ ಸರಿ, ಬರೆಯಬೇಕಲ್ಲ! ಕದ್ದ ಹಾಳೆಯ ಮೇಲೆ ತೆಳುಕಾಗದ ಹಾಸಿ ಎರಡು ತಿಂಗಳು ತಿದ್ದಿದೆ. ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ. ಕೊನೆಗೂ ಮಣಿಕಟ್ಟು ಬಾಗಿತು. ಬಡಗಿ ನನ್ನ ಬರಹವನ್ನು ಮರದಲ್ಲಿ ಆಳವಾಗಿ ಕೆತ್ತಿದ.

ಏಪ್ರಿಲ್‌ನಲ್ಲಿ ಹಲಗೆಯ ಮೇಲಿನ ಬಟ್ಟೆ ಸರಿಸಿದರು. ಜನ ಚಪ್ಪಾಳೆ ತಟ್ಟಿದರು.

"ಆಹಾ, ನುಯಿ ಕೈ ಅಂದ್ರೆ ಕೈ! ನೋಡಿದ್ರೇ ಗೊತ್ತಾಗುತ್ತೆ!"

"ಇಲ್ರೀ, ಬರೆದಿದ್ದು ಶಿಗೆನೊ ಅವರು," ಎಂದರು ಕುರಾಮೊಚಿ.

"ಸುಮ್ನಿರಿ ಸಾರ್, ದಿನಾ ತೋಫು ತರೋವ್ರಿಗೆ ಗೊತ್ತಾಗಲ್ವಾ?" ಎಂದು ಎಲ್ಲರೂ ನಕ್ಕರು.

ನುಯಿ ನಗಲಿಲ್ಲ. ಹಲಗೆಯ ಹತ್ತಿರ ಹೋಗಿ, ಸೀಳುಬಿಟ್ಟ ಬೆರಳನ್ನು ಒಂದೊಂದೇ ಅಕ್ಷರದ ಮೇಲೆ ಆಡಿಸಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ನನಗಷ್ಟೇ ಕೇಳುವಂತೆ ಹೇಳಿದಳು:

"ಹಾಗಾದ್ರೆ ನನ್ನ ಕಾಗದ ಬೆಂಕಿಗೆ ಬಿದ್ದೇ ಇರ್ಲಿಲ್ಲ, ಅಲ್ವಾ ಅಕ್ಕಾ? ಅವತ್ತು ಬೂದಿ ಆರೋವರ್ಗೂ ನಾನು ಆಕಾಶ ನೋಡ್ತಾ ನಿಂತಿದ್ದೆ."