ಕಂಪ್ರೆಸರಿನ ಖಂಡೇಪೂಜೆ

ನಮ್ಮತ್ತೆ ನನ್ನನ್ನು ಬೈಯುವುದನ್ನು ನಿಲ್ಲಿಸಿ ಒಂದು ವರ್ಷ ದಾಟಿತ್ತು. ಇದನ್ನು ಹೇಳಿದಾಗ ಗೆಳತಿಯರು ನನ್ನನ್ನು ಅಭಿನಂದಿಸಿದರು. ಅವರಿಗೆ ನಮ್ಮತ್ತೆ ಗೊತ್ತಿಲ್ಲ. ಗದಗಿನಲ್ಲಿ ಮಾವನವರ ಹಿಟ್ಟಿನ ಗಿರಣಿ ಇತ್ತು. ಅದರ ಸದ್ದಿನ ಮೇಲೂ ಕೇಳಿಸುವಂತೆ ಮಾತಾಡಿ ಮಾತಾಡಿ ಗಟ್ಟಿಯಾದ ಗಂಟಲು ಅತ್ತೆಯದು. ಮದುವೆಯಾದ ಮೊದಲ ವಾರವೇ ನನ್ನ ಮೈಸೂರಿನ ಮಾತು, ಮೈಸೂರಿನ ಸಾರು, ನಾನು ಬಟ್ಟೆ ಹಿಂಡುವ ರೀತಿ, ಎಲ್ಲಕ್ಕೂ ಬೈಸಿಕೊಂಡಿದ್ದೆ. ನಾನೂ ಸುಮ್ಮನಿರುವ ಪೈಕಿ ಅಲ್ಲ, ತಿರುಗಿ ಅನ್ನುತ್ತಿದ್ದೆ. ಹಾಗೇ ಎಷ್ಟೋ ವರ್ಷ ನಮ್ಮ ಸಂಬಂಧ ಬಹಳ ಚೆನ್ನಾಗಿ ನಡೆದಿತ್ತು.

ಮಾವ ತೀರಿಕೊಂಡ ಮೇಲೆ ನನ್ನ ಗಂಡ ಗಿರಣಿ ಮಾರಿ ಅತ್ತೆಯನ್ನು ವಿಮಾನ ಹತ್ತಿಸಿ ಪರದೇಶದ ಈಸ್ಟ್‌ಗೇಟ್‌ನ ನಮ್ಮ ಮನೆಗೆ ಕರೆದುಕೊಂಡು ಬಂದ. ಬಂದವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಸಾರಿಗೆ ಉಪ್ಪು ಮರೆತರೆ "ಚಲೋ ಆಗೇತಿ" ಅನ್ನುತ್ತಿದ್ದರು. ಏನು ಕೇಳಿದರೂ ಒಂದೇ ಉತ್ತರ: "ನಿಮಗ ತಿಳದಂಗ ಮಾಡ್ರಿ." ಒಂದು ದಿನ ಬೇಕೆಂದೇ ರೊಟ್ಟಿ ಕರಕಲು ಮಾಡಿ ಬಡಿಸಿ ಎದುರಿಗೇ ನಿಂತೆ. ಮಾತಿಲ್ಲದೆ ತಿಂದು ತಟ್ಟೆ ತೊಳೆದಿಟ್ಟರು. ಆವತ್ತು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅಳು ಬಂದಷ್ಟೂ ಹೊತ್ತು ಅತ್ತುಕೊಂಡೆ. ಆಮೇಲೆ ಆಫೀಸಿನ ಮೀಟಿಂಗಿಗೆ ಹೋದೆ.

ಇಷ್ಟು ಹೇಳಿದ ಮೇಲೆ ಸ್ಪ್ರಿಂಕ್ಲರ್ ವಿಷಯಕ್ಕೆ ಬರಬಹುದು. ನಮ್ಮ ಹುಲ್ಲಿನಂಗಳದ ಕೆಳಗೆ ಉದ್ದಕ್ಕೂ ಪೈಪು ಹೂತಿದ್ದಾರೆ. ವರ್ಷದಲ್ಲಿ ಒಂಬತ್ತು ತಿಂಗಳು ಆಕಾಶವೇ ನೀರು ಸುರಿಯುವ ಊರಿನಲ್ಲಿ ಹುಲ್ಲಿಗೆ ನಲ್ಲಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಬೀದಿಯವರ ಮುಂದೆ ಮರ್ಯಾದೆ ಹೋಗುತ್ತದೆ, ಅದಕ್ಕೆ. ಚಳಿಗಾಲಕ್ಕೆ ಮುಂಚೆ ಆ ಪೈಪಿನೊಳಗೆ ಉಳಿದ ನೀರನ್ನೆಲ್ಲ ಕಂಪ್ರೆಸರಿನಿಂದ ಗಾಳಿ ಊದಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಉಬ್ಬಿ ಏನನ್ನಾದರೂ ಒಡೆಯುತ್ತದೆ. ಮೊದಲು ಒಡೆಯುವುದು ಮನೆಯ ಗೋಡೆಗೆ ಒತ್ತಿ ನೆಲದ ಮೇಲೆ ನಿಂತಿರುವ ಹಿತ್ತಾಳೆಯ ವಾಲ್ವು. ನಾವು ಮತ್ತು ಬೀದಿಯ ಇನ್ನೆರಡು ಮನೆಯವರು ಸೇರಿ ಒಂದು ಹಳೇ ಕಂಪ್ರೆಸರ್ ಕೊಂಡಿದ್ದೆವು. ಕೆಂಪು ಟ್ಯಾಂಕು, ಮೋಟಾರು, ಬೆಲ್ಟು, ಎರಡು ಗಾಲಿ. ಅಕ್ಟೋಬರ್ ಬಂತೆಂದರೆ ಅದು ಮನೆಯಿಂದ ಮನೆಗೆ ಉರುಳುತ್ತದೆ. ನಮ್ಮದು ಕೊನೆಯ ಸರದಿ.

ಆ ವರ್ಷ ಅಧಿಕಮಾಸ ಬಂದು ನವರಾತ್ರಿ ಅಕ್ಟೋಬರ್ ಕೊನೆಗೆ ಹೋಗಿತ್ತು. ಆಯುಧಪೂಜೆಯ, ಅತ್ತೆಯ ಬಾಯಲ್ಲಿ ಖಂಡೇಪೂಜೆಯ, ದಿನವೇ ಫೋನಿನಲ್ಲಿ ಎಚ್ಚರಿಕೆ ಬಂತು, ಇವತ್ತು ರಾತ್ರಿ ನೀರು ಗಡ್ಡೆ ಕಟ್ಟುವ ಚಳಿ ಅಂತ. ಸಂಜೆ ಆಫೀಸು ಮುಗಿದ ಕೂಡಲೇ ಗಾಳಿ ಊದಿಬಿಡೋಣ ಎಂದು ಗಂಡನಿಗೆ ಹೇಳಿದೆ. ಸೂತಕದ ವರ್ಷ ಮುಗಿದಿತ್ತು, ಹಬ್ಬ ಮಾಡಬಹುದಿತ್ತು. ಅತ್ತೆಯನ್ನು ಕೇಳಿದ್ದಕ್ಕೆ ಅದೇ ಉತ್ತರ ಬಂದಿತ್ತು. ಹಾಗಾಗಿ ಬೆಳಿಗ್ಗೆ ದೇವರ ಮುಂದೆ ಬೆಳ್ಳಿ ತಟ್ಟೆಯಿಟ್ಟು ಒಂದು ಪೂಜೆ, ಸಂಜೆ ಕಾರಿನ ಗಾಲಿಗೆ ನಿಂಬೆಹಣ್ಣು, ಅಷ್ಟರಲ್ಲೇ ಮುಗಿಸುವುದೆಂದು ನಾವಿಬ್ಬರೇ ತೀರ್ಮಾನಿಸಿದ್ದೆವು.

ಐದು ಗಂಟೆಯ ಹೊತ್ತಿಗೆ ಮಗಳು ಓಡಿ ಬಂದಳು. "ಅಮ್ಮಾ, ಅಜ್ಜಿ ಈಸ್ ಟಾಕಿಂಗ್ ಟು ದ ಮಷಿನ್."

ಗ್ಯಾರೇಜಿಗೆ ಹೋಗಿ ನೋಡಿದರೆ ಅತ್ತೆ ಕುರ್ಚಿ ಬಿಟ್ಟು ಬಂದು ಕಂಪ್ರೆಸರಿನ ಮುಂದೆ ಕೂತಿದ್ದಾರೆ. ಒದ್ದೆ ಬಟ್ಟೆಯಲ್ಲಿ ಟ್ಯಾಂಕು ಒರೆಸಿಯಾಗಿತ್ತು. ಬೆಲ್ಟಿನ ಸಂದಿಯ ಕಸ ತೆಗೆದಾಗಿತ್ತು. ಕೆಂಪು ಟ್ಯಾಂಕಿನ ಮೇಲೆ ಮೂರು ಬೆರಳಿನಿಂದ ಅಡ್ಡಕ್ಕೆ ವಿಭೂತಿ ಎಳೆದಿದ್ದರು. ಒಳಗೆ ನಾವು ಮಾಡಿದ ಬೆಳ್ಳಿ ತಟ್ಟೆಯ ಪೂಜೆಯ ಕಡೆ ಕತ್ತೆತ್ತಿಯೂ ನೋಡದವರು, ಮೋಟಾರು ಬೆಲ್ಟು ಕಂಡು ಎದ್ದು ಬಂದಿದ್ದರು.

ನನ್ನನ್ನು ನೋಡಿ, "ಕುಂಕುಮ ನೀ ಹಚ್ಚು," ಅಂದರು. "ಹೂವು ಇಲ್ಲೇನು ಮನ್ಯಾಗ?"

ಹೂವಿಗೆ ಓಡಿದೆ. ಚೆಂಡುಹೂ ತಂದು ಹಿಡಿಕೆಗೆ ಸುತ್ತಿದೆ, ಊದಿನಕಡ್ಡಿ ಹಚ್ಚಿದೆವು, ಕಾಯಿ ಒಡೆದೆವು. ಗಂಡ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಎಲ್ಲ ಮುಗಿದ ಮೇಲೆ ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು, "ಇನ್ನ ನಾಳೆ ಮುಂಜಾನಿ ತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು. ಹಳೇ ಗಂಟಲಿನ ಅರ್ಧದಷ್ಟು ಇತ್ತು ಆ ದನಿ. ನನಗೆ ಅಷ್ಟೇ ಸಾಕಾಯಿತು.

ಅಡುಗೆಮನೆಯಲ್ಲಿ ನಾನೂ ಗಂಡನೂ ಪಿಸುಪಿಸು ಮಾತಾಡಿದೆವು. ಬಾಡಿಗೆ ಕಂಪ್ರೆಸರ್ ಎಲ್ಲೂ ಸಿಗಲಿಲ್ಲ. ಎಚ್ಚರಿಕೆ ಇಡೀ ಊರಿಗೇ ಬಂದಿತ್ತಲ್ಲ.

"ಅವ್ವನ್ನ ಒಂದು ಮಾತು ಕೇಳೋಣ," ಅಂದ ಗಂಡ.

"ಕೇಳಿದ್ರೆ ಏನಂತಾರೆ, ಹೇಳು."

ಇಬ್ಬರಿಗೂ ಗೊತ್ತಿತ್ತು. ನಿಮಗ ತಿಳದಂಗ ಮಾಡ್ರಿ ಅಂದು ಮತ್ತೆ ಕುರ್ಚಿಗೆ ಹೋಗಿ ಕೂರುತ್ತಾರೆ. ಒಂದು ವರ್ಷದ ಮೇಲೆ ಬಾಯಿಬಿಟ್ಟು ಇದು ಹೀಗಿರಲಿ ಅಂದಿದ್ದಾರೆ, ಅದನ್ನೂ ನಾವು ನಡೆಸಿಕೊಡದಿದ್ದರೆ ಇನ್ನೊಂದು ಸಲ ಅವರು ಏನನ್ನೂ ಅನ್ನುವುದಿಲ್ಲ ಎಂಬ ಹೆದರಿಕೆ ನನಗೆ. ನಾನು ದೇವರನ್ನು ಅಷ್ಟಾಗಿ ಹಚ್ಚಿಕೊಂಡವಳಲ್ಲ. ಪ್ಲಂಬರ್ ಜೊತೆ ಒಂದು ವಾಷರಿಗೋಸ್ಕರ ಅರ್ಧ ಗಂಟೆ ಜಗಳ ಆಡಿದವಳು. ಆದರೂ ನನ್ನ ಬಾಯಿಂದಲೇ ಬಂತು: "ಒಡೆದ್ರೆ ಒಡೀಲಿ ಬಿಡು."

ಸ್ಪ್ರಿಂಕ್ಲರಿಗೆ ನೀರು ಬರುವ ಕೊಳಾಯಿ ತಿರುಗಿಸಿ ಬಂದ್ ಮಾಡಿದೆವು. ಒಳಗೆ ನಿಂತ ನೀರಿಗೆ ಅದರಿಂದ ಏನೂ ಆಗುವುದಿಲ್ಲ, ನಮಗೆ ಸಮಾಧಾನ. ವಾಲ್ವಿಗೆ ಎರಡು ಟವಲು, ಒಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಗಂಡನ ಹಳೇ ಸ್ವೆಟರು ಹಾಕಿ ತೋಳುಗಳನ್ನು ಗಂಟು ಕಟ್ಟಿದೆವು. ಗೋಡೆ ಪಕ್ಕ ಯಾರೋ ಕೈಕಟ್ಟಿ ಕೂತ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಅಂಗಳ ಪೂರ್ತಿ ಬೆಳ್ಳಗಿತ್ತು. ಬಿಸಿಲೇರುವವರೆಗೆ ಕಾದು, ಅತ್ತೆ ತಾವೇ ಬಂದು ಕಂಪ್ರೆಸರಿನ ಹೂವು ತೆಗೆದು ಕಣ್ಣಿಗೊತ್ತಿಕೊಂಡು, "ಚಾಲೂ ಮಾಡ್ರಿ," ಅಂದರು. ಗಂಡ ಪೈಪು ಸಿಕ್ಕಿಸಿ ಸ್ವಿಚ್ ಹಾಕಿದ. ಮೋಟಾರು ಗುಡುಗಿತು. ಆ ಸದ್ದಿಗೆ ಅತ್ತೆಯ ಮುಖ ಹೇಗೋ ಆಯಿತು. ನಾನು ನೋಡಲಿಲ್ಲ ಅನ್ನುವ ಹಾಗೆ ಅಂಗಳದ ಕಡೆ ತಿರುಗಿದೆ.

ಗಾಳಿ ಬಿಟ್ಟರೆ ಹುಲ್ಲಿನೊಳಗಿನ ಮೂತಿಗಳು ಒಂದೊಂದಾಗಿ ಮೇಲೆದ್ದು ನೀರು ಉಗುಳಬೇಕು. ಒಂದೂ ಏಳಲಿಲ್ಲ. ಗೋಡೆಯ ಕಡೆಯಿಂದ ಬುಸ್ ಎಂಬ ಸದ್ದು ಬಂತು. ಹೋಗಿ ನೋಡಿದರೆ ಸ್ವೆಟರು ಉಬ್ಬಿಕೊಂಡು ಅಲ್ಲಾಡುತ್ತಿತ್ತು. ಬಿಚ್ಚಿದೆವು. ಹಿತ್ತಾಳೆಯ ಮೈಮೇಲೆ ಉಗುರು ತೂರುವಷ್ಟು ಅಗಲದ ಬಿರುಕು.

ಅತ್ತೆ ಮಂಕಿಕ್ಯಾಪ್ ಹಾಕಿಕೊಂಡು ಹಿಂದೆಯೇ ಬಂದಿದ್ದರು. "ಏನಾತು?"

ಗಂಡ ನನ್ನನ್ನು ನೋಡಿದ. ನಾನು ಬಿರುಕು ನೋಡಿದೆ. ಕೊನೆಗೆ ಅವನೇ ಹೇಳಿದ, "ರಾತ್ರಿ ಥಂಡಿಗೆ ಒಡದೈತಿ ಯವ್ವಾ. ನಿನ್ನೇನ ಗಾಳಿ ಊದಬೇಕಾಗಿತ್ತು. ನೀ ಮುಟ್ಟಬ್ಯಾಡ್ರಿ ಅಂದಿದ್ಯಲ್ಲ, ಅದಕ್ಕ..."

ಅತ್ತೆ ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದರು. ಆಮೇಲೆ ಶುರುವಾಯಿತು.

"ಅದಕ್ಕ ಒಡಸ್ಕೊಂಡ್ರೇನು? ಪೂಜಿ ಅಂದ್ರ ಬುದ್ಧಿ ಕಟ್ಟಿ ಇಡೂದೇನು? ಇಬ್ರೂ ಇಂಜಿನಿಯರು, ತಲ್ಯಾಗ ಏನ್ ತುಂಬ್ಕೊಂಡೀರಿ? ಖಂಡೇಪೂಜಿ ದಿನ ಬಾಣಂತಿ ಮನ್ಯಾಗ ಹಿಟ್ಟಿಲ್ಲ ಅಂತ ಯಾರಾರ ಬಂದ್ರ ಅವರು ಹೂವು ಬಾಜೂಕ ಸರಿಸಿ, ತಪ್ಪಾತಪ್ಪಾ ಶಿವನ ಅಂತ ಕೈಮುಗದು, ಗಿರಣಿ ಚಾಲೂ ಮಾಡ್ತಿದ್ರು. ನನ್ನ ಒಂದು ಮಾತು ಕೇಳಾಕ ಏನ್ ಧಾಡಿ ಆಗಿತ್ತು ನಿಮಗ?"

ಅವರು ಅಂದರೆ ಮಾವ. ಒಂದು ವರ್ಷದಲ್ಲಿ ಅವರ ಸುದ್ದಿ ಅತ್ತೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಅಲ್ಲಿಂದ ಮಾತು ಸ್ವೆಟರಿಗೆ ಹೋಯಿತು, ಅದು ಅತ್ತೆಯೇ ಹೆಣೆದದ್ದಂತೆ. ಸ್ವೆಟರಿನಿಂದ ಮಗಳ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನನ್ನ ಸಾರಿಗೆ. ಸಾರಿನಲ್ಲಿ ಒಂದು ವರ್ಷದ ಬಾಕಿ ಇತ್ತು. ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು. ನಾನೂ ಗಂಡನೂ ಒಡೆದ ವಾಲ್ವಿನ ಮುಂದೆ ತಲೆ ತಗ್ಗಿಸಿ ನಿಂತಿದ್ದೆವು. ಗ್ರೀಸಾದ ಕೈಯಲ್ಲೇ ಅವನು ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಿದ್ದ. ನನಗಾದ ಸಂತೋಷ ಇಷ್ಟಿಷ್ಟಲ್ಲ.

ಒಂದು ಕಡೆ ಅತ್ತೆ ಸಟ್ಟನೆ ನಿಲ್ಲಿಸಿದರು. ಪಕ್ಕಕ್ಕೆ ತಿರುಗಿ ಖಾಲಿ ಜಾಗ ನೋಡಿದರು.

"ಇಷ್ಟೊತ್ತಿಗೆ ಅವರು ಸಾಕ್ ಬಿಡ ಇನ್ನ ಅಂತಿದ್ರು," ಅಂದರು.

ನಾವಿಬ್ಬರೂ ಸಾಕು ಅನ್ನಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದರು, ಮೂಗು ಒರೆಸಿಕೊಂಡರು, ಮತ್ತೆ ಸಾರಿನಿಂದ ಶುರುಮಾಡಿದರು.